ಗೇಟು ದಾಟದ ಗಾಡಿ

ಟೈಲರ್ ಹೆಂಡತಿಗೆ ನೋವು ಶುರುವಾಗಿ ಅರ್ಧ ದಿನ ಕಳೆದಿತ್ತು. ಆಯಮ್ಮ ಬಿಸಿನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದುಕೊಂಡು ಮತ್ತೊಮ್ಮೆ ನೋಡಿದಳು. ತಲೆ ಸಿಗಬೇಕಾದ ಕಡೆ ಬೆರಳಿಗೆ ಪುಟ್ಟದೊಂದು ಪಾದ ತಗುಲಿತು.

ಆಯಮ್ಮ ಇಪ್ಪತ್ತೆರಡು ವರ್ಷ ಊರಿನ ಆರೋಗ್ಯ ಕೇಂದ್ರದಲ್ಲಿ ಆಯಾ ಆಗಿದ್ದವಳು. ಬೋಗುಣಿ ಹೊತ್ತು, ಕತ್ತರಿ ಕುದಿಸಿ, ನರ್ಸಮ್ಮನ ಪಕ್ಕ ನಿಂತು ಮುನ್ನೂರಕ್ಕೂ ಹೆಚ್ಚು ಹೆರಿಗೆ ಕಂಡಿದ್ದಳು. ತನ್ನ ಕೈಯಿಂದ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಏನಾಗುವುದಿಲ್ಲ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಅವಳು ಹೊರಗೆ ಬಂದು, ಹೊಲಿಗೆ ಯಂತ್ರದ ಪಕ್ಕ ಸುಮ್ಮನೆ ನಿಂತಿದ್ದ ಟೈಲರನ ತೋಳು ಹಿಡಿದಳು.

"ಇದು ಮನೇಲಿ ಆಗೋ ಹೆರಿಗೆ ಅಲ್ಲಪ್ಪ. ಪ್ಲಾಂಟಿಗೆ ಹೋಗು. ನನ್ನ ಮಗ ಡ್ಯೂಟಿ ಮೇಲಿದ್ದಾನೆ. ಆಯಮ್ಮ ಹೇಳಿದ್ಲು ಅಂತ ಹೇಳು ಸಾಕು, ಗಾಡಿ ತರ್ತಾನೆ."

ಟೈಲರ್ ಸೈಕಲ್ ಹತ್ತಿದ. ಪ್ಲಾಂಟಿನ ಗೇಟಿಗೆ ಮೂರು ಕಿಲೋಮೀಟರ್. ಮುಕ್ಕಾಲು ಗಂಟೆಯಾದ ಮೇಲೆ ಹೋದ ಹಾಗೆಯೇ ಒಬ್ಬನೇ ಬಂದ. ಬಿಸಿಲಿಗೆ ಅವನ ಮುಖ ಕೆಂಪಾಗಿತ್ತು. ಆಯಮ್ಮನ ಮುಖ ನೋಡದೆ, "ಕೊಡಲ್ವಂತೆ" ಅಂದ. ಅಷ್ಟೇ.

ಕೊನೆಗೆ ಸಿಕ್ಕಿದ್ದು ಸಿಮೆಂಟ್ ಇಳಿಸಿ ವಾಪಸು ಹೊರಟಿದ್ದ ಲಾರಿ. ಖಾಲಿ ಚೀಲಗಳ ಮೇಲೆ ಹಾಸಿಗೆ ಹಾಸಿ ಟೈಲರ್ ಹೆಂಡತಿಯನ್ನು ಮಲಗಿಸಿದರು. ಪಟ್ಟಣದ ಆಸ್ಪತ್ರೆಗೆ ನೂರಾ ಹತ್ತು ಕಿಲೋಮೀಟರ್. ದಾರಿಯೇನೋ ಕನ್ನಡಿಯ ಹಾಗಿತ್ತು, ಕಂಪನಿ ತನ್ನ ಟ್ಯಾಂಕರುಗಳಿಗಾಗಿ ಹಾಕಿಸಿದ್ದು. ಆ ದಾರಿಯ ಅರ್ಧದಲ್ಲಿ, ಆಯಮ್ಮನ ಎರಡು ಕೈಗಳ ನಡುವೆ, ಮಗು ಹುಟ್ಟಿತು. ಅಳಲಿಲ್ಲ. ಬೆನ್ನು ಉಜ್ಜಿದಳು, ಬಾಯಿಗೆ ಬಾಯಿಟ್ಟು ಊದಿದಳು, ತಲೆಕೆಳಗು ಮಾಡಿ ತಟ್ಟಿದಳು. ಆಮೇಲೆ ಸೆರಗು ಹರಿದು ಅದರಲ್ಲಿ ಸುತ್ತಿದಳು. ಲಾರಿಯವನು ಗಾಡಿ ನಿಲ್ಲಿಸಿ, ಮುಂದಕ್ಕೋ ಹಿಂದಕ್ಕೋ ಎಂದು ಕೇಳಿದ. ಬಾಣಂತಿಗೆ ಆಗ ರಕ್ತ ಅಷ್ಟಾಗಿ ಹೋಗುತ್ತಿರಲಿಲ್ಲ. "ಮನೆಗೆ ಕರ್ಕೊಂಡು ಹೋಗಿ" ಎಂದು ಅವಳೇ ಹೇಳಿದಳು.

ಪ್ಲಾಂಟು ಅಂದರೆ ಗ್ಯಾಸ್ ಬಾವಿಗಳದ್ದು. ಹನ್ನೊಂದು ವರ್ಷದ ಹಿಂದೆ ಬಂದಾಗ ಊರಿಗೊಂದು ಆಸ್ಪತ್ರೆ ಕಟ್ಟಿಸುತ್ತೇವೆಂದು ಕಂಪನಿಯವರು ಹೇಳಿದ್ದರು. ಕಂಪನಿಯ ಆಸ್ಪತ್ರೆ ಬರುತ್ತದಲ್ಲ ಎಂದು ಸರ್ಕಾರ ತನ್ನ ನರ್ಸಮ್ಮನನ್ನು ಬೇರೆ ಕಡೆ ಹಾಕಿ ಕೇಂದ್ರಕ್ಕೆ ಬೀಗ ಜಡಿಯಿತು. ಬಂದದ್ದು ಮಾತ್ರ ಗೇಟಿನ ಒಳಗೆ ಒಂದು ಪ್ರಥಮ ಚಿಕಿತ್ಸೆಯ ಕೋಣೆ, ಅದರ ಮುಂದೆ ಒಂದು ಬಿಳಿ ಆಂಬುಲೆನ್ಸ್. ಅದಕ್ಕೆ ಆಯಮ್ಮನ ಮಗ ಡ್ರೈವರ್. ಬಾವಿಯ ಕೆಲಸ ನಡೆಯುವಷ್ಟು ಹೊತ್ತೂ ಗಾಡಿ ಗೇಟಿನ ಒಳಗೇ ಇರಬೇಕು, ಅದು ಹೊರಗೆ ಹೋದರೆ ಕೆಲಸ ನಿಲ್ಲಿಸಬೇಕು ಎಂಬುದು ಕಾನೂನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗೆ.

ಆ ಸಂಜೆ ಮಗ ಮನೆಗೆ ಬಂದಾಗ ಆಯಮ್ಮ ಬಚ್ಚಲಲ್ಲಿ ಸೀರೆ ಒಗೆಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಸೂಪರ್‌ವೈಸರ್‌ಗೆ ಫೋನ್ ಮಾಡಿದ್ದೆ, ಅವರು ಮೇಲಿನವರಿಗೆ ಮಾಡಿದರು, ಅಲ್ಲಿಂದ ಬೇಡ ಅಂತ ಬಂತು ಎಂದೆಲ್ಲ ಹೇಳಿದ. ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ.

"ಒಳಗೆ ಅರವತ್ತು ಜನ ಕೆಲಸ ಮಾಡ್ತಾರಮ್ಮ. ಗಾಡಿ ಇಲ್ದೇ ಇರೋವಾಗ ಅವರಿಗೇನಾದ್ರೂ ಆದ್ರೆ?"

"ಇಲ್ಲೀವರೆಗೆ ಏನಾಗಿದೆ?"

ಅವನು ಯೋಚಿಸಿದ. "ಒಬ್ಬನ ಬೆರಳು ಜಜ್ಜಿತ್ತು."

"ಎಷ್ಟು ವರ್ಷದಲ್ಲಿ?"

"ನಾನು ಸೇರಿದ ಮೇಲೆ... ಮೂರು ವರ್ಷದಲ್ಲಿ."

"ಗಂಡುಮಗು" ಎಂದಳು ಆಯಮ್ಮ. "ತಲೆ ತುಂಬ ಕೂದಲಿತ್ತು."

ಅಲ್ಲಿಂದ ಮುಂದೆ ಅವಳು ಮಗನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಬೈಗುಳವಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದು ಡಬ್ಬಿ ಕಟ್ಟಿಡುತ್ತಿದ್ದಳು. ರಾತ್ರಿ ತಟ್ಟೆ ಹಾಕಿ, ಅನ್ನ ಬಡಿಸಿ, ಬೇಳೆಯ ಪಾತ್ರೆಯನ್ನು ಅವನ ಮುಂದಿಟ್ಟು ಎದ್ದು ಹೋಗುತ್ತಿದ್ದಳು. ಏನಾದರೂ ಹೇಳಲೇಬೇಕಾದರೆ ಸೊಸೆಯ ಕಡೆ ತಿರುಗಿ ಹೇಳುತ್ತಿದ್ದಳು. ಮನೆಯಲ್ಲಿದ್ದವರೇ ನಾಲ್ಕು ಜನ, ಕೋಣೆಗಳು ಎರಡು. ಅಷ್ಟರಲ್ಲಿ ಒಬ್ಬನನ್ನು ಕಾಣದವಳ ಹಾಗೆ ಓಡಾಡುವುದು ಸುಲಭದ ಕೆಲಸವಾಗಿರಲಿಲ್ಲ, ಆದರೂ ಆಯಮ್ಮ ಓಡಾಡಿದಳು.

ಬೀದಿಯವರು ತಮ್ಮ ಲೆಕ್ಕದಲ್ಲಿ ನಡೆದುಕೊಂಡರು. ಮೂರನೆಯ ದಿನ ಟೈಲರ್ ಬಂದು, ಆಯಮ್ಮ ಹೊಲಿಯಲು ಕೊಟ್ಟಿದ್ದ ರವಿಕೆ ಬಟ್ಟೆಯನ್ನು ಕತ್ತರಿ ಹಾಕದೆ, ಮಡಿಸಿದ್ದ ಹಾಗೇ ಜಗುಲಿಯ ಮೇಲಿಟ್ಟು ಹೋದ. ನಲ್ಲಿಯ ಹತ್ತಿರ ಸೊಸೆಯ ಕೊಡ ಬಂದರೆ ಮಾತು ನಿಲ್ಲುತ್ತಿತ್ತು. ಮಗ ಚಹಾದಂಗಡಿಗೆ ಹೋಗುವುದನ್ನೇ ಬಿಟ್ಟ. ಆಯಮ್ಮನಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಓಡು, ಗಾಡಿ ತರ್ತಾನೆ ಎಂದು ಕಳಿಸಿದವಳು ಅವಳೇ ಅಲ್ಲವೇ. ಬಾಣಂತಿಯನ್ನು ನೋಡಿಬರಬೇಕೆಂದು ದಿನಾ ಅಂದುಕೊಳ್ಳುವಳು. ಎರಡು ಮನೆ ಆಚೆಗಿನ ಆ ಬಾಗಿಲವರೆಗೆ ಕಾಲು ಬರುತ್ತಿರಲಿಲ್ಲ.

ಸೊಸೆ ಪ್ಲಾಂಟಿನ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕಿದ್ದಳು. ಒಂದು ದಿನ ಈರುಳ್ಳಿ ಸುಲಿಯುತ್ತ ಅವಳಿಗೆ ತಡೆಯಲಾಗಲಿಲ್ಲ.

"ನಿಮ್ಮ ಮೌನಕ್ಕೂ ಉಪ್ಪು ಬೇಕಲ್ಲ ಅತ್ತೆ. ಆ ಉಪ್ಪು ಬರೋದು ಆ ಗೇಟಿನಿಂದಾನೇ."

"ಗೊತ್ತು."

"ಅವರು ಗಾಡಿ ತಂದಿದ್ರೆ ಮಾರನೇ ದಿನಾನೇ ಕೆಲಸದಿಂದ ತೆಗೀತಿದ್ರು. ಆಮೇಲೆ ಬೀದಿಯೋರು ಅನ್ನ ಹಾಕ್ತಿದ್ರಾ?"

"ಹಾಕ್ತಿರ್ಲಿಲ್ಲ" ಎಂದು ಆಯಮ್ಮ ಒಪ್ಪಿಕೊಂಡಳು. "ನಾನೇನು ಅವನು ತಪ್ಪು ಮಾಡಿದ ಅಂದ್ನಾ? ನನಗೆ ಅವನ ಜೊತೆ ಮಾತು ಬರ್ತಾ ಇಲ್ಲ, ಅಷ್ಟೇ."

ಮಂಚದ ಮೇಲೆ ಕೂತಿದ್ದ ಮುದುಕ ಇಬ್ಬರ ಬಾಯನ್ನೂ ನೋಡುತ್ತಿದ್ದ. ಆಯಮ್ಮನ ಗಂಡನಾದ ಅವನನ್ನು ಊರೆಲ್ಲ ರಿಗ್ಗಜ್ಜ ಎಂದೇ ಕರೆಯುತ್ತಿತ್ತು. ಬಾವಿ ಕೊರೆಯುವ ರಿಗ್ಗಿನ ಪಕ್ಕ ಏಳು ವರ್ಷ ಪೈಪು ಹೊತ್ತು ಎರಡೂ ಕಿವಿ ಮಂದವಾಗಿದ್ದವು. "ಏನಂತೆ?" ಎಂದು ಕೇಳಿದ. ಏನಿಲ್ಲ ಎಂದು ಸೊಸೆ ಕೈಯಾಡಿಸಿದಳು. "ಈ ಮನೇಲಿ ಕಿವುಡ ನಾನೊಬ್ಬನೇ ಅಂದ್ಕೊಂಡಿದ್ದೆ" ಎಂದು ಮುದುಕ ಗೋಡೆಯ ಕಡೆ ತಿರುಗಿ ಮಲಗಿದ.

ಅವನಿಗೆ ಸಕ್ಕರೆ ಕಾಯಿಲೆ. ಅದೇ ತಿಂಗಳು ಎಡಗಾಲಿನ ಹೆಬ್ಬೆರಳ ಪಕ್ಕ ಚಪ್ಪಲಿ ಕಚ್ಚಿ ಕಡಲೆಕಾಳಿನಷ್ಟು ಗಾಯವಾಯಿತು. ನೋವೇ ಇಲ್ಲವಾದ್ದರಿಂದ ಅವನು ಯಾರಿಗೂ ಹೇಳಲಿಲ್ಲ. ಕಾಲು ತೊಳೆಸುವಾಗ ಆಯಮ್ಮನಿಗೆ ಕಂಡಾಗ ಅದು ನಾಣ್ಯದಷ್ಟಾಗಿತ್ತು, ವಾಸನೆ ಬೇರೆ. ಬೆಳಿಗ್ಗೆ ಆರಕ್ಕೆ ಹೊರಡುವ ಒಂದೇ ಬಸ್ಸಿನಲ್ಲಿ ಅವನನ್ನು ಪಟ್ಟಣಕ್ಕೆ ಕರೆದೊಯ್ದಳು. ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತು, ಡಾಕ್ಟರ ಮುಂದೆ ಎರಡು ನಿಮಿಷ ಕೂತರು. ಮೂರು ದಿನಕ್ಕೊಮ್ಮೆ ಬಂದು ಪಟ್ಟಿ ಬದಲಾಯಿಸಿಕೊಳ್ಳಬೇಕು ಎಂದು ಡಾಕ್ಟರು ಬರೆದುಕೊಟ್ಟರು. ವಾಪಸು ಬರುವ ಬಸ್ಸು ಮಾರನೆಯ ಬೆಳಿಗ್ಗೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಮಲಗಿ ಮನೆಗೆ ಬರುವ ಹೊತ್ತಿಗೆ ಕಟ್ಟಿದ್ದ ಪಟ್ಟಿ ಧೂಳು ಕುಡಿದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಇನ್ನೊಮ್ಮೆ ಹೋದರು. ಮೂರನೆಯ ಸಲ ಮುದುಕ ಏಳಲಿಲ್ಲ. ಹೋಗಿಬರುವ ಆಯಾಸಕ್ಕೇ ಸಾಯುತ್ತೇನೆ, ನೀನೇ ಕಟ್ಟು, ಇಪ್ಪತ್ತೆರಡು ವರ್ಷ ಏನು ಕಲಿತೆ ಎಂದ. ಆಯಮ್ಮ ಹಳೆಯ ಪಂಚೆ ಕುದಿಸಿ ಒಣಗಿಸಿ ಕಟ್ಟಿದಳು. ಒಂದು ಸಂಜೆ ಮಗ ಒಂದು ಪೊಟ್ಟಣ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಒಳಗೆ ಬಿಳಿ ಪಟ್ಟಿಗಳು, ಗಾಯ ತೊಳೆಯುವ ಔಷಧ, ಮುಲಾಮು.

"ಕದ್ದು ತಂದಿದ್ದಾ ಕೇಳಿ ತಂದಿದ್ದಾ ಕೇಳಮ್ಮ" ಎಂದಳು ಆಯಮ್ಮ, ಸೊಸೆಗೆ.

"ತಾರೀಖು ಮುಗಿದವು" ಎಂದು ಮಗ ತಾನೇ ಹೇಳಿದ. "ಪ್ರತಿ ವರ್ಷ ಒಂದು ಪೆಟ್ಟಿಗೆ ಹೀಗೇ ಮುಗಿಯುತ್ತೆ. ಸುಡೋಕೆ ಹಾಕಿದ್ರು. ನಾನೇ ಸುಡಬೇಕಿತ್ತು."

ಆಯಮ್ಮ ಪೊಟ್ಟಣ ತೆಗೆದುಕೊಂಡಳು. ಅಂದಿನಿಂದ ಕಾಲನ್ನು ಮಗನೇ ಹಿಡಿಯುತ್ತಿದ್ದ, ಅವಳು ಕಟ್ಟುತ್ತಿದ್ದಳು. ಇಬ್ಬರ ಕೈಗಳೂ ಒಂದೇ ಕಾಲಿನ ಮೇಲೆ, ಬಾಯಿ ಮಾತ್ರ ಮುಚ್ಚಿದ್ದು.

ಗಾಯ ಇವರ ಸೇವೆಗೆ ಕರಗಲಿಲ್ಲ. ಟೈಲರ್ ಮನೆಯ ಘಟನೆ ನಡೆದು ಆರನೆಯ ವಾರ, ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಮುದುಕನಿಗೆ ನಡುಕ ಹಿಡಿಯಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು. ಪಾದ ಕಪ್ಪಾಗಿ, ಕೆಂಪು ಗೆರೆಯೊಂದು ಮೊಣಕಾಲಿನ ಕಡೆ ಹತ್ತಿತ್ತು. ಪೈಪು ಎತ್ತಿ, ಪೈಪು ಎತ್ತಿ ಎಂದು ಇಲ್ಲದ ಜೊತೆಗಾರರನ್ನು ಕೂಗತೊಡಗಿದ. ಬಸ್ಸು ಹೋಗಿ ನಾಲ್ಕು ಗಂಟೆಯಾಗಿತ್ತು. ಇದು ಸಂಜೆಯವರೆಗೆ ಕಾಯುವುದಲ್ಲ ಎಂದು ಆಯಮ್ಮನಿಗೆ ಅರ್ಥವಾಯಿತು. ಮಗನಿಗೆ ಫೋನ್ ಮಾಡಲು ಅವಳಿಗೆ ಬಾಯಿ ಬರಲಿಲ್ಲ; ಕ್ಯಾಂಟೀನಿಗೆ, ಸೊಸೆಗೆ ಮಾಡಿದಳು. ಅಪ್ಪನಿಗೆ ಹೀಗಾಗಿದೆ ಎಂದಷ್ಟೇ ಹೇಳಿದಳು, ಗಾಡಿಯ ಮಾತೆತ್ತಲಿಲ್ಲ.

ಸೊಸೆ ಆಮೇಲೆ ಹೇಳಿದ್ದು ಇಷ್ಟು: ಅವಳು ಕೈಯಲ್ಲಿ ಚಾಕು ಹಿಡಿದುಕೊಂಡೇ ಪ್ರಥಮ ಚಿಕಿತ್ಸೆಯ ಕೋಣೆಗೆ ಓಡಿದಳಂತೆ. ವಿಷಯ ಕೇಳಿ ಅವನು ಫೋನಿನ ಕಡೆ ನೋಡಿದನಂತೆ, ಈ ಸಲ ಯಾರಿಗೂ ಮಾಡಲಿಲ್ಲವಂತೆ. ಗೇಟಿನವನು ಅಡ್ಡ ಬಂದರೆ, "ಗೇಟು ತೆಗಿ, ಆಮೇಲೆ ಬರಕೋ" ಅಂದನಂತೆ.

ಬಿಳಿ ಗಾಡಿ ಬೀದಿಗೆ ಬಂದದ್ದು ಅದೇ ಮೊದಲು. ಸೈರನ್ ಹಾಕಿರಲಿಲ್ಲ. ಆದರೂ ಪ್ರತಿ ಬಾಗಿಲಲ್ಲೂ ಜನ ನಿಂತರು. ಮಗ ಸ್ಟ್ರೆಚರ್ ಎಳೆದು ಜಗುಲಿಗೆ ತಂದ. ಅವನೂ ಗಾಡಿಯಲ್ಲೇ ಬಂದಿದ್ದ ಸೊಸೆಯೂ ಸೇರಿ ಮುದುಕನನ್ನು ಅದರ ಮೇಲೆ ಮಲಗಿಸಿದರು. ಇನ್ನು ಎತ್ತಬೇಕು ಅನ್ನುವಾಗ ಆಯಮ್ಮ ಸ್ಟ್ರೆಚರಿನ ಕಂಬಿಯ ಮೇಲೆ ಕೈಯಿಟ್ಟಳು.

"ಒಂದು ನಿಮಿಷ ನಿಲ್ಲು."

ಆರು ವಾರದಲ್ಲಿ ಅವಳು ಮಗನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವನು ನಿಂತ. ಸೊಸೆ, ಅತ್ತೆಗೆ ತಲೆ ಕೆಟ್ಟಿತೇ ಎನ್ನುವಂತೆ ನೋಡಿದಳು. ಆಯಮ್ಮ ಬರಿಗಾಲಲ್ಲಿ ಬೀದಿಗಿಳಿದು, ಎರಡು ಮನೆ ದಾಟಿ, ಟೈಲರ್ ಬಾಗಿಲ ಮುಂದೆ ಹೋದಳು. ಅವನು ಯಂತ್ರದ ಮುಂದೆ ಕೂತೇ ಇದ್ದ.

"ನಿನ್ನ ಹೆಂಡ್ತಿಗೆ ಬರದೇ ಇದ್ದ ಗಾಡಿ ಇವತ್ತು ನನ್ನ ಗಂಡನಿಗೆ ಬಂದಿದೆ" ಎಂದಳು. "ಕಣ್ಣು ತಪ್ಪಿಸಿ ಹತ್ತಿಸಿಕೊಂಡು ಹೋಗೋಕೆ ನನ್ನಿಂದ ಆಗಲ್ಲ. ಬೇಡ ಅನ್ನೋ ಹಾಗಿದ್ರೆ ಈಗಲೇ ಅಂದುಬಿಡು."

ಟೈಲರ್ ಎದ್ದು ನಿಂತ. ಒಳಗಿನ ಪರದೆ ಸರಿಯಿತು. ಅವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದು ನಿಂತಳು. ಆಯಮ್ಮನಿಗೆ ಗುರುತೇ ಹತ್ತಲಿಲ್ಲ. ತುಟಿಗಳು ಕಾಗದದ ಹಾಗೆ ಬೆಳ್ಳಗಿದ್ದವು, ಕಣ್ಣಿನ ಸುತ್ತ ಮಸಿ ಬಳಿದ ಹಾಗಿತ್ತು.

"ಹತ್ತಿಸಿ ಆಯಮ್ಮ" ಎಂದಳು. ಸ್ವಲ್ಪ ತಡೆದು, "ನನಗೂ ಜಾಗ ಇರುತ್ತಾ ಅದರಲ್ಲಿ? ನನಗಿನ್ನೂ ರಕ್ತ ಹೋಗೋದು ನಿಂತೇ ಇಲ್ಲ. ರಾತ್ರಿಯೆಲ್ಲ ಜ್ವರ ಬರುತ್ತೆ" ಎಂದಳು.

"ನನಗ್ಯಾಕೆ ಹೇಳ್ಲಿಲ್ಲ?" ಎಂದ ಟೈಲರ್.

"ಹೇಳಿದ್ರೆ ಮತ್ತೆ ಸೈಕಲ್ ತಗೊಂಡು ಎಲ್ಲಿಗೆ ಹೋಗ್ತಿದ್ರಿ?"

ಆಯಮ್ಮ ಅವಳ ಮಣಿಕಟ್ಟು ಹಿಡಿದಳು, ಕೆನ್ನೆ ಮುಟ್ಟಿದಳು. ಸುಡುತ್ತಿತ್ತು. ಆರು ವಾರ. ದಿನಕ್ಕೊಮ್ಮೆ ಇಣುಕಿದ್ದರೆ, ಒಂದು ಸಲ ಬಟ್ಟೆ ನೋಡಿದ್ದರೆ ತಿಳಿಯುವಂಥದ್ದು. ಮಗ ಕಾನೂನಿಗೆ ಹೆದರಿ ಬರಲಿಲ್ಲ ಎಂದು ಮುನಿಸಿಕೊಂಡು ಕೂತ ತಾನು, ನಾಚಿಕೆಗೆ ಹೆದರಿ ಇಪ್ಪತ್ತು ಹೆಜ್ಜೆ ಇಡಲಿಲ್ಲ. ಆ ಮಾತನ್ನು ಅವಳು ಯಾರ ಮುಂದೆಯೂ ಆಡಲಿಲ್ಲ. ಬಾಣಂತಿಯ ಸೊಂಟಕ್ಕೆ ಕೈಹಾಕಿ ಗಾಡಿಯವರೆಗೆ ನಡೆಸಿಕೊಂಡು ಬಂದಳು.

ಪಟ್ಟಣದ ಆಸ್ಪತ್ರೆ ಮುಟ್ಟಲು ಒಂದೂ ಮುಕ್ಕಾಲು ಗಂಟೆ ಹಿಡಿಯಿತು. ಟೈಲರ್ ಮುಂದೆ, ಮಗನ ಪಕ್ಕ ಕೂತಿದ್ದ. ಮುದುಕನ ಕಾಲನ್ನು ಮೊಣಕಾಲಿನ ಕೆಳಗೆ ಅಂದೇ ತೆಗೆದರು. ಟೈಲರ್ ಹೆಂಡತಿಯ ಒಳಗೆ ಹೆರಿಗೆಯಲ್ಲಿ ಪೂರ್ತಿ ಬಾರದ ಮಾಸಿನ ಚೂರೊಂದು ಉಳಿದು ಕೊಳೆತಿತ್ತು; ಅದನ್ನು ತೆಗೆದು ಎರಡು ಬಾಟಲಿ ರಕ್ತ ಕೊಟ್ಟರು. ಇನ್ನೊಂದು ವಾರ ಬಿಟ್ಟಿದ್ದರೆ ಕರೆತರುವ ಶ್ರಮ ಇರುತ್ತಿರಲಿಲ್ಲ ಎಂದು ಲೇಡಿ ಡಾಕ್ಟರು ಬೈದರು. ಯಾರಿಗೆ ಬೈಯಬೇಕೆಂದು ತಿಳಿಯದೆ ಎದುರಿಗಿದ್ದ ಆಯಮ್ಮನಿಗೇ ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಹನ್ನೆರಡು ದಿನದ ಮೇಲೆ ಮುದುಕ ಒಂದು ಕಾಲಿನಲ್ಲಿ ಮನೆಗೆ ಬಂದ. ಇನ್ನು ಮೇಲೆ ಒಂದೇ ಚಪ್ಪಲಿ ಕಚ್ಚುತ್ತೆ, ಅಷ್ಟರಮಟ್ಟಿಗೆ ಲಾಭ ಎಂದು ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ. ಮಗನನ್ನು ಆವತ್ತಿನಿಂದಲೇ ಕೆಲಸಕ್ಕೆ ಬರಬೇಡವೆಂದಿದ್ದರು. ಗಾಡಿ ಹೊರಗಿದ್ದ ಏಳು ಗಂಟೆ ಎರಡು ಬಾವಿಯ ಕೆಲಸ ನಿಂತಿತ್ತು, ವಿಚಾರಣೆ ನಡೆಯುತ್ತಿತ್ತು.

ಮಾರನೆಯ ದಿನ ಸಂಜೆ ಸೂಪರ್‌ವೈಸರ್ ಮನೆಗೇ ಬಂದರು. ಕೆಟ್ಟ ಮನುಷ್ಯರಲ್ಲ. ಕುರ್ಚಿಯ ಅಂಚಿನಲ್ಲಿ ಕೂತು ಚಹಾ ಕುಡಿದರು, ಮುದುಕನ ಕಾಲಿನ ಪಟ್ಟಿ ನೋಡಿ ತುಟಿ ಕಚ್ಚಿಕೊಂಡರು. ಆಮೇಲೆ ವಿಷಯಕ್ಕೆ ಬಂದರು. ತಂದೆಯ ಜೀವ ಹೋಗುತ್ತಿತ್ತು, ಗಾಬರಿಯಲ್ಲಿ ತಪ್ಪು ಮಾಡಿದೆ ಎಂದು ಬರೆದುಕೊಟ್ಟರೆ ಮೇಲಿನವರು ಕರಗುವ ಹಾಗಿದ್ದಾರೆ, ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಆದರೆ ಗಾಡಿಯಲ್ಲಿ ತಂದೆಯೊಬ್ಬರೇ ಇದ್ದರು ಎಂದೇ ಬರೆಯಬೇಕು. ಹೊರಗಿನ ಹೆಂಗಸನ್ನು ಹತ್ತಿಸಿಕೊಂಡದ್ದು ಕಾಗದದಲ್ಲಿ ಬಂದರೆ ತಮ್ಮ ಕೈ ಕಟ್ಟಿಹೋಗುತ್ತದೆ.

"ಇವತ್ತು ಊರಿನ ಒಬ್ಬಳನ್ನ ಹತ್ತಿಸಿದ್ದು ಸರಿ ಅಂದ್ರೆ ನಾಳೆ ಊರೇ ಗೇಟಿಗೆ ಬರುತ್ತೆ. ಅದೇ ಅವರ ಭಯ" ಎಂದರು. "ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಕಾಗದ ತನ್ನಿ."

ಅವರು ಹೋದ ಮೇಲೆ ಮೊದಲು ಬಾಯಿ ಬಿಟ್ಟವಳು ಆಯಮ್ಮ.

"ಬರಕೊಡು" ಎಂದಳು.

ಸೊಸೆ ತಲೆಯೆತ್ತಿ ನೋಡಿದಳು. ಆಯಮ್ಮ ಮುಂದುವರಿಸಿದಳು: "ಅವಳಿಗೇನು ನಷ್ಟ ಇದರಲ್ಲಿ? ಬದುಕಿ ಮನೆಗೆ ಬಂದಿದ್ದಾಳೆ. ನಾನೇ ಹೋಗಿ ಹೇಳ್ತೀನಿ ಅವಳಿಗೆ, ಬೇಜಾರು ಮಾಡ್ಕೊಳಲ್ಲ. ನನಗೆ ವಯಸ್ಸಾಯ್ತಪ್ಪ. ನಿಮ್ಮಪ್ಪನಿಗೆ ದಿನಾ ಸೂಜಿ, ಮಾತ್ರೆ, ಇನ್ನು ಆ ಊರುಗೋಲು. ಒಬ್ಬಳ ದುಡಿಮೇಲಿ ಈ ಮನೆ ನಡೆಯಲ್ಲ."

"ಆರು ವಾರ ನನ್ನ ಮುಖ ನೋಡ್ಲಿಲ್ಲ ನೀನು."

"ನೋಡ್ಲಿಲ್ಲ. ಅದು ನನ್ನ ಹಟ. ಹಟಕ್ಕೆ ಹಸಿವಿರಲ್ಲ, ಮನೆಗೆ ಇರುತ್ತೆ."

ಮಗ ಗೋಡೆಗೆ ಒರಗಿ ಕೂತ. ಅವನ ದನಿ ಏರಲಿಲ್ಲ. "ಆಸ್ಪತ್ರೇಲಿ ಅವಳನ್ನ ಒಳಗೆ ತಗೊಳೋವಾಗ ಒಂದು ಫಾರಂ ಕೊಟ್ರಮ್ಮ. ಟೈಲರ್ ಅದನ್ನ ನನ್ನ ಕೈಗೇ ಕೊಟ್ಟ. ಕರ್ಕೊಂಡು ಬಂದವರು ಯಾರು, ಏನಾಗಬೇಕು ಅಂತ ಒಂದು ಜಾಗ ಇತ್ತು. ಡ್ರೈವರ್ ಅಂತ ಬರೀಬೇಕಿತ್ತು. ನಾನು ಅಣ್ಣ ಅಂತ ಬರೆದೆ." ಕೈಬೆರಳುಗಳನ್ನು ನೋಡಿಕೊಂಡ. "ಮೊದಲನೇ ಸಲ ಗಾಡಿ ತರಲಿಲ್ಲ. ಎರಡನೇ ಸಲ ತಂದು, ಅವಳು ಅದರಲ್ಲಿ ಇರಲೇ ಇಲ್ಲ ಅಂತ ಹೇಗಮ್ಮ ಬರೀಲಿ?"

ಆಯಮ್ಮ ಎದ್ದು ಹೋಗಿ ಒಲೆಯ ಮುಂದೆ ನಿಂತಳು. ಹಾಲು ಉಕ್ಕಿ ಚೆಲ್ಲಿದ್ದು ಕಂಡರೂ ಸುಮ್ಮನೆ ನಿಂತಳು.

ಸೊಸೆ ಮಾತ್ರ ಬಿಡಲಿಲ್ಲ. ನಿಮಗಿಬ್ಬರಿಗೂ ಸರದಿಯ ಮೇಲೆ ದೇವರು ಮೈಮೇಲೆ ಬರುತ್ತಾನೆ, ನಡುವೆ ಸಿಕ್ಕಿಕೊಂಡವಳು ನಾನು ಎಂದಳು. ನಾಳೆ ನನ್ನನ್ನೂ ಕ್ಯಾಂಟೀನಿನಿಂದ ಓಡಿಸಿದರೆ ಏನು ಮಾಡುತ್ತೀರಿ ಎಂದಳು. ಅವಳು ಅಂದದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಅವಳು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು. ಮಗ ಕಿಟಕಿಯ ಬಳಿ ಕೂತು ಬರೆದ. ಎರಡು ಹಾಳೆ ಹರಿದು ಎಸೆದು ಮೂರನೆಯದನ್ನು ಉಳಿಸಿಕೊಂಡ.

ಕೆಲಸ ಉಳಿಯುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಉಳಿಯಲೂ ಇಲ್ಲ. ಹದಿನೈದನೆಯ ದಿನ ಅವನ ಜಾಗಕ್ಕೆ ಬೇರೆ ಊರಿನ ಡ್ರೈವರ್ ಬಂದ, ಗೇಟಿಗೆ ಇನ್ನೊಂದು ಅಡ್ಡಕಂಬಿ ಬಂತು. ಇವನು ಎಂಟು ತಿಂಗಳು ಅಲ್ಲಿ ಇಲ್ಲಿ ಕೂಲಿ ಮಾಡಿ, ಆಮೇಲೆ ಜಲ್ಲಿ ಕ್ವಾರಿಯ ಲಾರಿ ಹಿಡಿದ. ಸೊಸೆಯನ್ನು ಯಾರೂ ಮುಟ್ಟಲಿಲ್ಲ. ಅರವತ್ತು ಜನಕ್ಕೆ ಅಷ್ಟು ಬೇಗ ಈರುಳ್ಳಿ ಹೆಚ್ಚುವವರು ಬೇರೆ ಸಿಗಲಿಲ್ಲವೋ ಏನೋ. ಅದೆಲ್ಲ ಮುಂದಿನ ಮಾತು.

ಆ ಸಂಜೆ ಬರೆದು ಮುಗಿಸಿದ ಮೇಲೆ ಅವನು ಹಾಳೆಯನ್ನು ಯಾರಿಗೂ ಕೊಡದೆ ಮಂಚದ ಮೇಲಿಟ್ಟು ನೀರು ಕುಡಿಯಲು ಎದ್ದ. ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಎತ್ತಿಕೊಂಡಳು. ಏನಂತೆ, ಏನು ಬರೆದಿದ್ದಾನಂತೆ ಎಂದು ಮುದುಕ ಅವಳ ಕೈ ಎಳೆದ. ಅವಳು ಅವನ ಕಿವಿಯ ಹತ್ತಿರ ಬಗ್ಗಿ, ಕೇಳಿಸುವ ಹಾಗೆ ಗಟ್ಟಿಯಾಗಿ ಓದಿದಳು.

"ಗಾಡಿಯಲ್ಲಿ ಇಬ್ಬರು ರೋಗಿಗಳಿದ್ದರು. ಒಬ್ಬರು ನನ್ನ ತಂದೆ. ಇನ್ನೊಬ್ಬರು ನನ್ನ ತಂಗಿ."

ಮುದುಕ ಸೊಸೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ತನಗೆ ಮಗಳಿಲ್ಲವೆಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. "ಸರಿಯಾಗಿ ಕೇಳಿಸ್ತು" ಎಂದ.

ಸೊಸೆ ಹಾಳೆಯನ್ನು ಮೇಲಿನಿಂದ ಕೆಳಗೆ ಇನ್ನೊಮ್ಮೆ, ಈ ಸಲ ಮನಸ್ಸಿನಲ್ಲೇ, ಓದಿಕೊಂಡಳು. ಹರಿದುಹಾಕುತ್ತಾಳೇನೋ ಎಂದು ಆಯಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದಳು.

"ತಾರೀಖೇ ಹಾಕಿಲ್ಲ ನೋಡಿ" ಎಂದಳು ಸೊಸೆ, ಗಂಡನ ಕಡೆ ತಿರುಗಿ. "ತಾರೀಖಿಲ್ಲದ ಕಾಗದ ಯಾರು ತಗೋತಾರೆ?"

ಅವನ ಜೇಬಿನಿಂದ ಪೆನ್ನು ತೆಗೆದುಕೊಂಡು, ಹಾಳೆಯನ್ನು ಮಂಚದ ಪಟ್ಟಿಯ ಮೇಲಿಟ್ಟು, ಮೂಲೆಯಲ್ಲಿ ಅಂದಿನ ತಾರೀಖನ್ನು ದುಂಡಗೆ ಬರೆದಳು.